ಕೊಸರು

ದೂರು ಬಂದದ್ದು ಮಂಗಳವಾರ, ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ:
"ನಿಮ್ಮ ಕಪ್ಪೆಚಿಪ್ಪಿನಲ್ಲಿ ಮರಳಿತ್ತು.
ನನ್ನ ಹೆಂಡತಿಯ ಹಲ್ಲಿಗೆ ಸಿಕ್ಕಿತು. ಅವತ್ತು ಅವಳ ಹುಟ್ಟುಹಬ್ಬ."
ಕೆಳಗೆ ಹೆಸರು ಇಗ್ನಾಸಿಯೊ, ಊರು ಸರಗೋಸಾ,
ಸಮುದ್ರ ಕಾಣದ ಊರು.
ಪಕ್ಕದಲ್ಲಿ ಒಂದೇ ಒಂದು ನಕ್ಷತ್ರ.

ಗಲೀಸಿಯಾದ ಈ ಕೊಲ್ಲಿಯಲ್ಲಿ ನಾವು ನಲವತ್ತೊಂದು ಹೆಂಗಸರು.
ನೀರಿಳಿದಾಗ ಇಳಿಯುತ್ತೇವೆ, ನೀರೇರಿದಾಗ ಏರುತ್ತೇವೆ.
ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಹಲುಬೆ.
ತಲೆಗೆ ಇಷ್ಟೇ ಕಿಲೋ ಎಂಬುದು
ನಾವೇ ಕೂತು ಜಗಳವಾಡಿ ಕಟ್ಟಿಕೊಂಡ ಕಟ್ಟಳೆ.
ಹೆಚ್ಚು ಕೆರೆದವಳ ಬುಟ್ಟಿಯನ್ನು ಒಬಾಯಾ ಮರಳಿಗೇ ಸುರಿಯುತ್ತಾಳೆ,
ಸ್ವಂತ ತಂಗಿಯದಾದರೂ.

ನನ್ನತ್ತೆ ದೋರಿಂದಾಳ ಕಾಲಕ್ಕೆ
ತಲೆಯ ಮೇಲಿನ ಬುಟ್ಟಿಯೇ ಅಂಗಡಿ.
ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಸಾವು,
ಯಾರ ಉದ್ರಿ ಎಷ್ಟು, ಎಲ್ಲ ಬಾಯಿಲೆಕ್ಕ.
ನೋಟರಿಯ ಹೆಂಡತಿ ದೋನ್ಯಾ ಪಿಲಾರ್
ಚೌಕಾಸಿ ಮಾಡಿ ಮಾಡಿ, ಕೊನೆಗೊಂದು ಹಿಡಿ
ಕೊಸರು ಕೇಳುತ್ತಿದ್ದಳಂತೆ.
ಅತ್ತೆ ಬೈದುಕೊಂಡೇ ಹಾಕುತ್ತಿದ್ದಳಂತೆ.
ಹೀಗೆ ಹನ್ನೊಂದು ವರ್ಷ.
ಒಂದು ದಿನವೂ, ಮಳೆಯಲ್ಲೂ,
"ಒಳಗೆ ಬಾ" ಅಂದವಳಲ್ಲ ಆ ಹೆಂಗಸು.

ಈಗ ಹರಾಜುಕಟ್ಟೆಯ ಗೋಡೆಯಲ್ಲಿ ಕೆಂಪು ಅಂಕಿ.
ಬೆಲೆ ಮೇಲಿನಿಂದ ಕೆಳಕ್ಕೆ ಜಾರುತ್ತದೆ,
ನಮ್ಮ ಎದೆಯೂ ಜೊತೆಗೆ ಜಾರುತ್ತದೆ.
ಯಾರೋ ಎಲ್ಲಿಂದಲೋ ಗುಂಡಿ ಒತ್ತುತ್ತಾರೆ. ನಿಂತಿತು.
ಕೂಗಿಲ್ಲ, ಮುಖವಿಲ್ಲ.
ಕೊಸರಂತೂ ಇಲ್ಲ, ಯಂತ್ರದ ತಕ್ಕಡಿ ಒಂದು ಗ್ರಾಂ ಬಿಡುವುದಿಲ್ಲ.

ಎರಡು ವರ್ಷದ ಹಿಂದೆ, ನಮ್ಮಲ್ಲೇ ಕಿರಿಯಳಾದ ಉಶೀಆ
ಪ್ರತಿ ಚೀಲಕ್ಕೊಂದು ಚೀಟಿ ಕಟ್ಟಿಸಿದಳು.
ಅದರ ಮೇಲೆ, ಚದುರಂಗದ ಮಣೆ ಒಡೆದು ಪುಡಿಯಾದ ಹಾಗೆ,
ಕಪ್ಪು ಬಿಳಿ ಚೌಕ.
ಫೋನು ಹಿಡಿದರೆ ಸಾಕು, ನಾವು ಕಾಣುತ್ತೇವೆ:
ಯಾವ ದಿನ, ಯಾವ ದಂಡೆ, ಆರಿಸಿದ ಕೈ ಯಾರದು,
ಕೊನೆಗೆ ಎಲ್ಲರೂ ನಿಂತ ಒಂದು ಫೋಟೋ.
ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.
ಬದಲಿಸಲು ಯಾರಿಗೂ ಪುರಸೊತ್ತಿಲ್ಲ.

ಹಾಗಾಗಿ ಗೊತ್ತಾಯಿತು, ಆ ಮರಳು ಸಬೇಲಾಳದೆಂದು.
ಗುಂಪಿನ ಫೋನು ರಾತ್ರಿಯಿಡೀ ಗುಯ್‌ಗುಟ್ಟಿತು.
"ಅವಳ ಚೀಲ, ಅವಳೇ ನೋಡಿಕೊಳ್ಳಲಿ."
"ಅವಳ ಕೈಗಂಟು ಊದಿದೆ, ತೊಳೆಯಲಾಗಿಲ್ಲ ಪಾಪ."
"ಸಮುದ್ರದಲ್ಲಿ ಮರಳಿರದೆ ಸಕ್ಕರೆ ಇರುತ್ತದೆಯೇ?"
ಸಬೇಲಾ ಒಂದಕ್ಷರ ಬರೆಯಲಿಲ್ಲ.
ಓದಿದ್ದಾಳೆಂದು ಮಾತ್ರ ಎರಡು ನೀಲಿ ಗೆರೆ.

ಬೆಳಗ್ಗೆ ಒಬಾಯಾ ಬರೆಸಿದಳು, ನಾನು ಒತ್ತಿದೆ:
"ಸ್ವಾಮಿ, ಮರಳು ನಮ್ಮ ನಲವತ್ತೊಂದು ಜನರದು.
ಮುಂದಿನ ಸಲ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ,
ಮೇಲೆ ಬಟ್ಟೆ ಮುಚ್ಚಿ. ಕತ್ತಲೆಯೆಂದರೆ
ಚಿಪ್ಪು ತಾನಾಗಿ ಬಾಯಿಬಿಡುತ್ತದೆ, ಹೊಟ್ಟೆಯಲ್ಲಿದ್ದುದನ್ನು ಕಕ್ಕುತ್ತದೆ.
ಮಂದಿಯಂತಲ್ಲ."
ಕೊನೆಯ ಸಾಲು ಬೇಡವೆಂದಳು ಉಶೀಆ. ಉಳಿಸಿಕೊಂಡೆವು.

ಆಮೇಲೆ ಒಬಾಯಾಳಿಗೆ ಹೊಳೆಯಿತು: ಕೊಸರು ಕಳಿಸೋಣ.
ಆದರೆ ಕಾನೂನು ಕಾನೂನೇ, ಹರಾಜು ದಾಟದೆ
ಒಂದು ಚಿಪ್ಪೂ ಕೊಲ್ಲಿ ಬಿಡುವಂತಿಲ್ಲ.
ಸರಿ, ತಲೆಗಿಷ್ಟು ಚಿಲ್ಲರೆ ಕೂಡಿಸಿದೆವು.
ಗೋಡೆಯಲ್ಲಿ ಕೆಂಪು ಅಂಕಿ ಜಾರತೊಡಗಿತು.
ನಾವು ಮಾರುವವರು, ಬೆಲೆ ನಿಲ್ಲಲಿ ಅನ್ನುತ್ತಿದ್ದೆವು.
ನಾವು ಕೊಳ್ಳುವವರು, ಇನ್ನಷ್ಟು ಇಳಿಯಲಿ ಅನ್ನುತ್ತಿದ್ದೆವು.
ನಲವತ್ತೊಂದು ಬಾಯಿ ಎರಡೂ ಮಾತು ಒಟ್ಟಿಗೆ ಕೂಗಿ
ಉಶೀಆ ಗುಂಡಿ ಒತ್ತುವುದನ್ನೇ ಮರೆತಳು.
ಸಬೇಲಾ ಅವಳ ಭುಜದ ಮೇಲಿಂದ ಕೈ ಚಾಚಿ,
ಊದಿದ ಹೆಬ್ಬೆರಳಿಂದ ಒತ್ತಿದಳು.
ನಮ್ಮ ಚಿಪ್ಪು ನಮಗೇ ತುಸು ದುಬಾರಿಯಾಯಿತು.

ಒಂಬತ್ತು ದಿನ ಸುದ್ದಿಯಿಲ್ಲ.
ನಕ್ಷತ್ರ ಇವತ್ತಿಗೂ ಒಂದೇ, ಹೆಚ್ಚಾಗಿಲ್ಲ.
ಹತ್ತನೆಯ ದಿನ ಸರಗೋಸಾದಿಂದ ಒಂದು ಸಾಲು:
"ಫೋಟೋದಲ್ಲಿ ಕಣ್ಣು ಮುಚ್ಚಿದ ಹೆಂಗಸು ಯಾರು?
ಕೇಳುತ್ತಿರುವುದು ನನ್ನ ಹೆಂಡತಿ."

ನಾಳೆ ಇಳಿತ ಬೆಳಗಿನ ಐದೂವರೆಗೆ.
ಉತ್ತರ ಬರೆಯುವ ಸರದಿ ಸಬೇಲಾಳದು.